ಕಳೇಬರದ ಬಳಿ ಕ್ಯಾಮೆರಾ: ಸತ್ತ ಪ್ರಾಣಿಯನ್ನು ತಿನ್ನುವ ವನ್ಯಜೀವಿಗಳ ವೀಕ್ಷಣೆ

ಕುಮಟಾ ತಾಲ್ಲೂಕಿನ ಸಂತೆಗುಳಿಯಂತಹ ಕಾಡಂಚಿನ ಗ್ರಾಮಗಳಲ್ಲಿ ದನ ಸತ್ತು ಬಿದ್ದಲ್ಲಿ ಅದನ್ನು ತಿನ್ನಲು ನರಿ, ಕಾಡುಹಂದಿಗಳೂ ಬರುತ್ತವೆ. ಆಪಾದನೆ ಮಾತ್ರ ಸಾಮಾನ್ಯವಾಗಿ ಚಿರತೆಯ ಮೇಲೆಯೇ. ಮರಕ್ಕೆ ಕಟ್ಟಿದ ಸ್ವಯಂಚಾಲಿತ ಕ್ಯಾಮೆರಾವು ಪ್ರಾಣಿಯ ದೇಹದ ಉಷ್ಣ ಹಾಗೂ ಚಲನೆಯನ್ನು ಗ್ರಹಿಸಿ, ದಿನಾಂಕ ಮತ್ತು ವೇಳೆ ಸಹಿತ ಚಿತ್ರ ತೆಗೆಯುತ್ತದೆ. ಆದಾಗ್ಯೂ, ಬಂದು ತಿಂದ ಪ್ರಾಣಿಯೇ ಕೊಂದಿತೆಂದು ಕೇವಲ ಚಿತ್ರದಿಂದ ತೀರ್ಮಾನಿಸಲಾಗದು. ಕುತ್ತಿಗೆಯ ಮೇಲಿನ ಹಲ್ಲಿನ ಗಾಯ, ಹೆಜ್ಜೆಗುರುತುಗಳನ್ನೂ ಪರಿಶೀಲಿಸಬೇಕಾಗುತ್ತದೆ.

ಕಳೇಬರಕ್ಕೆ ವಿಷ ಹಾಕಿದಲ್ಲಿ ಅದನ್ನು ತಿನ್ನುವ ಯಾವ ಪ್ರಾಣಿಯಾದರೂ ಬಲಿಯಾಗಬಹುದು. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ತಾಯಿ ಹುಲಿ ಹಾಗೂ 4 ಮರಿಗಳು ಮೃತಪಟ್ಟಿದ್ದು ವಿಷ ಹಾಕಿದ ಹಸುವಿನ ಮಾಂಸದಿಂದ. ವನ್ಯಪ್ರಾಣಿಗೆ ವಿಷವಿಡುವುದು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರನ್ವಯ ಬೇಟೆಯೆಂದೇ ಪರಿಗಣಿತವಾಗುತ್ತದೆ. ಜಾನುವಾರು ಸತ್ತಲ್ಲಿ ಸಾರ್ವಜನಿಕರು ಕಳೇಬರವನ್ನು ಕದಲಿಸದೆ ವಲಯ ಅರಣ್ಯ ಕಚೇರಿಗೆ ಕೂಡಲೇ ತಿಳಿಸಿದರೆ ಪರಿಹಾರಧನದ ಪರಿಶೀಲನೆ ಸುಗಮವಾಗುತ್ತದೆ.