ಹೊಸ ಸೈಕಲ್ ಬಂತು, ಜೊತೆಗೆ ಇನ್ನೇನು ಬೇಕು?

ಸೈಕಲ್ ಕೊಂಡ್ರಿ. ಮುಂದಿನ ಭಾನುವಾರ ಬೆಂಗಳೂರಿಂದ ನಂದಿಬೆಟ್ಟಕ್ಕೆ ಹೊರಡೋ ಆಸೆ. ಸ್ವಲ್ಪ ತಾಳಿ.

ಮೊದಲು ಹೆಲ್ಮೆಟ್. ಇದರ ಒಳಗಿರೋದು ಥರ್ಮಾಕೋಲ್ ಜಾತಿಯ ಫೋಮ್. ಬಿದ್ದಾಗ ಅದು ತಾನು ಅಪ್ಪಚ್ಚಿಯಾಗಿ, ತಲೆಗೆ ಬೀಳೋ ಪೆಟ್ಟನ್ನು ಕಡಿಮೆ ಮಾಡುತ್ತೆ. ಹಾಗಾಗಿ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿಂದ ಚೆನ್ನಾಗಿ ಕಂಡರೂ ಬದಲಾಯಿಸಿ. ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ ಇರಲಿ. ಹಿಂದಕ್ಕೆ ಸರಿಸಿ ಹಾಕಿಕೊಂಡರೆ ಹಣೆಗೆ ರಕ್ಷಣೆ ಇಲ್ಲ.

ನಸುಕಲ್ಲೇ ಹೊರಡ್ತೀರಲ್ಲ? ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು. ನಂದಿಯ ಮಂಜಲ್ಲಿ ಹಿಂದಿನದನ್ನಂತೂ ಆರಿಸಲೇಬೇಡಿ.

ಈಗ ಪಂಕ್ಚರ್. ರಸ್ತೆ ಬದಿಯ ಒಂದೇ ಒಂದು ಜಾಲಿಮುಳ್ಳು ಸಾಕು. ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಒಂದು ಹೊಸ ಟ್ಯೂಬ್, ಎರಡು ಟೈರ್ ಲಿವರ್, ಪ್ಯಾಚ್ ಇಟ್ಕೊಳ್ಳಿ. ಪುಟ್ಟ ಪಂಪು ಫ್ರೇಮಿಗೇ ಕೂರುತ್ತೆ. ಕೊಳ್ಳುವಾಗ ವಾಲ್ವ್ ನೋಡಿ: ದಪ್ಪಗಿದ್ದರೆ ಶ್ರೇಡರ್, ಸಣ್ಣಗೆ ಉದ್ದಕ್ಕಿದ್ದರೆ ಪ್ರೆಸ್ಟಾ. ಪಂಪು ಅದಕ್ಕೆ ಹೊಂದಬೇಕು. ಹೊಸ ಟ್ಯೂಬ್ ಹಾಕೋ ಮೊದಲು ಟೈರಿನ ಒಳಗೆ ಮೆಲ್ಲಗೆ ಬೆರಳಾಡಿಸಿ. ಮುಳ್ಳು ಅಲ್ಲೇ ಉಳಿದಿದ್ದರೆ ಹತ್ತೇ ನಿಮಿಷಕ್ಕೆ ಮತ್ತೆ ಗಾಳಿ ಹೋಗುತ್ತೆ! ಮನೆಯಲ್ಲೇ ಒಂದು ಸಲ ಚಕ್ರ ಬಿಚ್ಚಿ, ಹಾಕಿ ನೋಡಿ.

ನೀರಿನ ಬಾಟಲಿ, ಬೀಗ, ಸರಿ. ಪ್ಯಾಡ್ ಇರೋ ಚಡ್ಡಿ ಕೊಂಡರೆ, ಒಳಉಡುಪು ಇಲ್ಲದೇ ಹಾಕಿ. ಹೊಲಿಗೆ ಉಜ್ಜೋದು ತಪ್ಪುತ್ತೆ.

ದುಬಾರಿ ಜೆರ್ಸಿ, ಕ್ಲಿಪ್ ಶೂ? ಈಗಲೇ ಬೇಡ. ಆ ದುಡ್ಡಲ್ಲಿ ಒಳ್ಳೇ ಹೆಲ್ಮೆಟ್ ತಗೊಳ್ಳಿ.