ದ್ವೀಪನಗರದ ಪ್ರವಾಸ: ಮಾಟುಂಗದಿಂದ ಘಾರಾಪುರಿಗೆ

ಸಿಂಗಪುರದ ಪ್ರವಾಸ ಮುಗಿಸಿ ಬಂದವರು ಅಲ್ಲಿನ ಸೌತ್ ಬ್ರಿಜ್ ರಸ್ತೆಯನ್ನು ಬಣ್ಣಿಸದೆ ಬಿಡುವುದಿಲ್ಲ. ಒಂದೇ ಬೀದಿಯಲ್ಲಿ ಮಾರಿಯಮ್ಮನ ಗುಡಿ, ಜಮಾಯೆ ಮಸೀದಿ, ಬುದ್ಧನ ದಂತಮಂದಿರ! ಚೀನೀಯರು, ಮಲಯರು, ತಮಿಳರು ನೆರೆಹೊರೆಯವರಾಗಿ ಬಾಳುವ ದ್ವೀಪ. ನಾಲ್ಕು ಅಧಿಕೃತ ಭಾಷೆಗಳು! ಈ ವರ್ಣನೆಯಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. 1965ರಲ್ಲಿ ಸ್ವತಂತ್ರವಾದ ಆ ಪುಟ್ಟ ರಾಷ್ಟ್ರದ ಶಿಸ್ತು ಮೆಚ್ಚತಕ್ಕದ್ದೇ ಸರಿ. ಆದರೆ ಈ ಮಾತುಗಳನ್ನು ಮಾಟುಂಗದ ಮನೆಯೊಂದರ ಪಡಸಾಲೆಯಲ್ಲಿ ಕುಳಿತು ಕೇಳುವಾಗ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. ಹೇಳುವವರೂ ಕೇಳುವವರೂ ವಾಸವಾಗಿರುವುದು ಏಷ್ಯಾಖಂಡದ ಮತ್ತೊಂದು ದ್ವೀಪನಗರದಲ್ಲಿಯೇ. ಅದನ್ನು ಪ್ರವಾಸಿಗನ ಕಣ್ಣಿನಿಂದ ನೋಡಿದವರು ಮಾತ್ರ ಅವರಲ್ಲಿ ವಿರಳ.

ಊರಿನಿಂದ ಬರುವ ಅತಿಥಿಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. ಉಡುಪಿ, ಕಾರವಾರ, ಧಾರವಾಡ, ಹಾಸನಗಳಿಂದ ಬಂದ ತಂದೆತಾಯಿಯರಿಗೆ ಮೊದಲ ಭಾನುವಾರ ಗೇಟ್‌ವೇ ಆಫ್ ಇಂಡಿಯಾ, ಹ್ಯಾಂಗಿಂಗ್ ಗಾರ್ಡನ್, ಮಹಾಲಕ್ಷ್ಮಿಯ ದರ್ಶನವಾಗುತ್ತದೆ. ಸೋಮವಾರ ಮಗ ಲೋಕಲ್ ಗಾಡಿ ಹಿಡಿಯುತ್ತಾನೆ, ಸೊಸೆ ಕಚೇರಿಗೆ ತೆರಳುತ್ತಾಳೆ, ಮೊಮ್ಮಕ್ಕಳು ಶಾಲೆ ಸೇರುತ್ತಾರೆ. ಅಲ್ಲಿಂದ ಮುಂದೆ ಮೂರನೆಯ ಮಹಡಿಯ ಕಿಟಕಿಯೇ ಅವರ ಪಾಲಿನ ಮುಂಬಯಿ. ಊರಿನಲ್ಲಿ ದಿನಕ್ಕೆರಡು ಸಲ ತೋಟ ಸುತ್ತುತ್ತಿದ್ದವರಿಗೆ ತಿಂಗಳೊಳಗೆ ಮಂಡಿ ಹಿಡಿಯುತ್ತದೆ, ನಿದ್ದೆ ಕೆಡುತ್ತದೆ, ಊರಿನ ನೆನಪು ಕಾಡುತ್ತದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಗಳ ಜೊತೆಯಲ್ಲಿ ಬಂದವರ ಸ್ಥಿತಿ ಇನ್ನೂ ಕಠಿಣ. 1941ರಲ್ಲಿ ಆರಂಭವಾದ ಈ ಸಂಸ್ಥೆಗೆ ಕರ್ನಾಟಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ವಾರಗಟ್ಟಲೆ ಕಾಯುವ ಆ ಜೊತೆಗಾರರಿಗೆ ಮುಂಬಯಿಯೆಂದರೆ ಒಂದು ಉದ್ದನೆಯ ಮೊಗಸಾಲೆ. ಅರ್ಧ ದಿನ ಅವರನ್ನು ಹೊರಗೆ ಕರೆದೊಯ್ದು ನಗರ ತೋರಿಸುವುದು ಅತಿಥಿಸತ್ಕಾರದ ಮಾತಷ್ಟೇ ಅಲ್ಲ. ರೋಗಿಯ ಆರೈಕೆ ಮಾಡುವವರ ಆರೋಗ್ಯವೂ ಕಾಪಾಡತಕ್ಕ ವಿಷಯವೇ.

ರೈಲಿನಲ್ಲಿ ಬಂದಿಳಿಯುವವರಿಗೆ ಮುಂಬಯಿ ದ್ವೀಪವೆಂಬುದು ತಿಳಿಯುವುದೇ ಇಲ್ಲ. ಕೊಲಾಬಾ, ಅದರ ಪಕ್ಕದ ಪುಟ್ಟ ಕೊಲಾಬಾ, ಮುಂಬಯಿ, ಮಝಗಾಂವ್, ವರಳಿ, ಪರೇಲ್, ಮಾಹಿಮ್ ಎಂಬ ಏಳು ದ್ವೀಪಗಳು ಇಲ್ಲಿದ್ದವು. ಕೋಳಿ ಜನಾಂಗದ ಬೆಸ್ತರು ಇಲ್ಲಿನ ಹಳೆಯ ನಿವಾಸಿಗಳು. ಮುಂಬಾದೇವಿ ಅವರ ದೇವತೆ. 1534ರಲ್ಲಿ ಪೋರ್ಚುಗೀಸರ ವಶವಾದ ಈ ದ್ವೀಪಗಳು, 1661ರ ವಿವಾಹದ ಒಡಂಬಡಿಕೆಯಂತೆ ರಾಜಕುಮಾರಿ ಕ್ಯಾಥರೀನಳ ಬಳುವಳಿಯಾಗಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಸಂದವು. ದೊರೆ 1668ರಲ್ಲಿ ಇವನ್ನು ವರ್ಷಕ್ಕೆ 10 ಪೌಂಡಿನ ಗುತ್ತಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಕೊಟ್ಟುಬಿಟ್ಟ. ಮಾಟುಂಗದಲ್ಲಿ ಇಂದು ಒಂದು ಚದರ ಅಡಿ ಮನೆಗೆ ಹೇಳುವ ದರ ಆ ಹತ್ತು ಪೌಂಡಿನ ಅನೇಕ ಪಟ್ಟು. ಜಗತ್ತಿನ ಗುತ್ತಿಗೆ ಪತ್ರಗಳಲ್ಲಿ ಇದಕ್ಕಿಂತ ಅಗ್ಗದ್ದು ಬೇರೊಂದಿರಲಾರದು.

ಕಡಲನ್ನು ತಡೆದು, ತಗ್ಗುಗಳನ್ನು ತುಂಬಿಸಿ ಏಳು ದ್ವೀಪಗಳನ್ನು ಒಂದಾಗಿಸಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ಕಾಮಗಾರಿಗಳಲ್ಲಿ ಮಾಹಿಮ್ ಮತ್ತು ಬಾಂದ್ರಾಗಳ ನಡುವಿನ ಸೇತುಮಾರ್ಗದ ಕಥೆ ಸೊಗಸಾದದ್ದು. ಪಾರ್ಸಿ ಶ್ರೀಮಂತ ಜಮ್‌ಶೇಟ್‌ಜಿ ಜೀಜಿಭಾಯಿಯವರ ಪತ್ನಿ ಅವಾಬಾಯಿ 1,57,000 ರೂಪಾಯಿಗಳನ್ನು ತಾವೇ ಕೊಟ್ಟು ಅದನ್ನು ಕಟ್ಟಿಸಿದರು. 1845ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ದಾಟುವವರಿಂದ ಸುಂಕ ಎತ್ತಕೂಡದೆಂಬುದು ಆ ಮಹಾತಾಯಿಯ ಷರತ್ತು. ಅದರ ಪಕ್ಕದಲ್ಲೇ 2009ರಲ್ಲಿ ತೆರೆದ ಸಮುದ್ರ ಸೇತುವೆಯ ಸುಂಕದಕಟ್ಟೆಯಲ್ಲಿ ಕಾರು ನಿಲ್ಲಿಸಿದಾಗ ಈ ಸಂಗತಿಯನ್ನು ಅತಿಥಿಗಳಿಗೆ ಹೇಳುವುದು ಸಮಯೋಚಿತ.

ಪ್ರವಾಸವನ್ನು ಮಾಟುಂಗದಿಂದಲೇ ತೊಡಗುವುದು ಲೇಸು. ಮಾಹಿಮಿನ ರಾಜ ಭೀಮದೇವನ ಆನೆಗಳನ್ನು ಕಟ್ಟುತ್ತಿದ್ದ ತಾಣವಾದ್ದರಿಂದ, ‘ಮಾತಂಗ’ದಿಂದ ಮಾಟುಂಗವಾಯಿತೆಂದು ಪ್ರತೀತಿ. ಈಗಿನ ಮಾಟುಂಗವಾದರೋ ಒಂದು ಮಹಾರೋಗದ ಫಲ. 1896ರಲ್ಲಿ ಮಾಂಡ್ವಿಯ ಇಕ್ಕಟ್ಟಾದ ಓಣಿಗಳಲ್ಲಿ ಕಾಣಿಸಿಕೊಂಡ ಪ್ಲೇಗು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅಳಿದುಳಿದವರಲ್ಲಿ ಲಕ್ಷಾಂತರ ಮಂದಿ ಊರು ಬಿಟ್ಟರು. ಡಾಕ್ಟರ್ ಹಾಫ್‌ಕಿನ್ 1897ರ ಜನವರಿಯಲ್ಲಿ ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ್ದು ಈ ನಗರದಲ್ಲಿಯೇ. ಗಾಳಿಬೆಳಕಿಲ್ಲದ ವಸತಿಯೇ ಈ ಪಿಡುಗಿಗೆ ಆಸರೆಯೆಂದು ಮನಗಂಡ ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾಟುಂಗ, ವಡಾಲಾಗಳ ಅಗಲವಾದ ಬೀದಿಗಳು, ಸಾಲುಮರಗಳು, ಐದು ಉದ್ಯಾನಗಳು, ಎತ್ತರಕ್ಕೆ ಮಿತಿಯಿದ್ದ ಕಟ್ಟಡಗಳು ಆ ಟ್ರಸ್ಟಿನ ಯೋಜನೆಯಿಂದ ಬಂದವು. ಬೆಳಿಗ್ಗೆ ಐದು ಉದ್ಯಾನಗಳ ಸುತ್ತ ನಡೆಯುವವರ ಉಸಿರಿನಲ್ಲಿ ಆಡುವುದು ಆ ಯೋಜನೆಯ ಗಾಳಿಯೇ. ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಬಹುಮಹಡಿಯ ಗೋಪುರಗಳು ಏಳುತ್ತಿರುವ ಈ ಕಾಲದಲ್ಲಿ ಅದನ್ನು ಬೇಗನೆ ನೋಡಿಕೊಳ್ಳುವುದು ಒಳ್ಳೆಯದು.

ಸಿಂಗಪುರದ ಆ ಒಂದು ಬೀದಿಗೆ ಮಾಟುಂಗದ ಒಂದು ಮೈಲಿ ಯಾವ ವಿಧದಲ್ಲಿಯೂ ಸೋಲುವುದಿಲ್ಲ. ಆಸ್ತಿಕ ಸಮಾಜದ ದೇವಸ್ಥಾನದಲ್ಲಿ ಕೇರಳ ಮತ್ತು ತಮಿಳುನಾಡಿನ ಪದ್ಧತಿಯ ಪೂಜೆ. ಹತ್ತಿರದಲ್ಲೇ ಜೈನರ ದೇರಾಸರ. ಕಿಂಗ್ಸ್ ಸರ್ಕಲ್ಲಿನ ಆಚೆಗೆ ಡಾನ್ ಬಾಸ್ಕೋ ಮಾತೆಯ ಇಗರ್ಜಿ. ದಕ್ಷಿಣಕ್ಕೆ ಪಾರ್ಸಿ ಕಾಲನಿ, ಅದರ ಅಗ್ನಿಮಂದಿರ. ನಡುವೆ ಕಚ್ಛೀ ವರ್ತಕರ ಅಂಗಡಿಗಳು, ಇರಾನಿ ಹೋಟೆಲಿನ ಚಹಾ. ಸಂತೆಯಲ್ಲಿ ಮಲ್ಲಿಗೆಯ ದಂಡೆ, ಬಾಳೆಯೆಲೆ, ಕೆಸುವಿನೆಲೆ, ನುಗ್ಗೆ. ಊರಿನಿಂದ ಬಂದ ಹೆಂಗಸರು ಇಲ್ಲಿ ಮಾರಾಟಗಾರರೊಡನೆ ಮಾತಿಗೆ ಭಾಷೆ ಹುಡುಕಬೇಕಾಗುವುದಿಲ್ಲ. ಕಿಂಗ್ಸ್ ಸರ್ಕಲ್ ಉದ್ಯಾನಕ್ಕೆ ಮಹೇಶ್ವರಿ ಉದ್ಯಾನವೆಂದು ಹೆಸರಾಗಿ ಎಷ್ಟೋ ಕಾಲವಾದರೂ ಬಾಯಿಗೆ ಬರುವುದು ಹಳೆಯ ಹೆಸರೇ. ಗೌಡ ಸಾರಸ್ವತರು 1955ರಿಂದ ನಡೆಸಿಕೊಂಡು ಬಂದ ಗಣೇಶೋತ್ಸವಕ್ಕೆ ನಗರದ ಎಲ್ಲ ಕಡೆಯಿಂದ ಜನ ಸೇರುವುದೂ ಈ ಕಿಂಗ್ಸ್ ಸರ್ಕಲ್ಲಿನಲ್ಲಿಯೇ.

ಈ ಬಹುಭಾಷಾ ಸಂಸಾರದಲ್ಲಿ ಕನ್ನಡಿಗರ ಪಾಲು ಕಿರಿದಲ್ಲ. ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ಸ್ಟೇಷನ್ನಿನ ಎದುರಿನಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಯೆಲೆಯ ಊಟವನ್ನು ಇಂದಿಗೂ ಬಿಟ್ಟಿಲ್ಲ. 1940ರ ಕೆಫೆ ಮದ್ರಾಸಿನ ಹೆಸರು ಮದ್ರಾಸಿನದಾದರೂ ಸ್ಥಾಪಕರು ಕರಾವಳಿಯ ಕಾಮತರು. ದೋಸೆ ತಿನ್ನಲು ಸಾಲಿನಲ್ಲಿ ನಿಂತ ಗುಜರಾತಿ, ಪಂಜಾಬಿ, ಪಾರ್ಸಿ ಕುಟುಂಬಗಳನ್ನು ಅತಿಥಿಗಳಿಗೆ ತೋರಿಸಬೇಕು. ಊರು ಬಿಟ್ಟು ಬಂದ ಕರಾವಳಿಯ ಹುಡುಗರು ಲೋಟ ತೊಳೆಯುವುದರಿಂದ ತೊಡಗಿ, ರಾತ್ರಿಶಾಲೆಯಲ್ಲಿ ಕಲಿತು, ಈ ನಗರದ ನಾಲಿಗೆಗೆ ತಮ್ಮ ರುಚಿಯನ್ನು ಹತ್ತಿಸಿದ ಚರಿತ್ರೆ ಆ ಸಾಲಿನಲ್ಲಿದೆ. ಅವರ ಮೊಮ್ಮಕ್ಕಳು ಈಗ ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಿಗೆ ಚದುರಿದ್ದಾರೆ. ಮಾಟುಂಗಕ್ಕೆ ಅವರೂ ಪ್ರವಾಸಿಗಳಾಗಿಯೇ ಬರುತ್ತಾರೆ.

ಎರಡನೆಯ ದಿನ ಬುಧವಾರವಾಗಿದ್ದರೆ ಮಾಹಿಮಿಗೆ ಹೋಗಬೇಕು. ಸಂತ ಮೈಕೇಲರ ಇಗರ್ಜಿ ಪೋರ್ಚುಗೀಸರ ಕಾಲದ್ದು, ಈಗಿನ ಕಟ್ಟಡ 1973ರದು. ಬುಧವಾರದ ನೊವೆನಾ ಪ್ರಾರ್ಥನೆಗೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತದವರೂ ಬರುತ್ತಾರೆ. ಗುಣವಾಗಬೇಕಾದ ಅಂಗದ ಆಕಾರದ ಮೇಣದ ಬೊಂಬೆಗಳನ್ನು ಅಲ್ಲಿ ಒಪ್ಪಿಸುವುದನ್ನು ಕಂಡಾಗ, ಊರಿನ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈಕಾಲುಗಳನ್ನು ಹರಕೆಯಾಗಿ ಸಲ್ಲಿಸುವ ಹಿರಿಯರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಸ್ವಲ್ಪ ದೂರದಲ್ಲಿ ಮಖದೂಮ್ ಅಲಿ ಮಾಹಿಮಿಯವರ ದರ್ಗಾ ಇದೆ. ಕುರಾನಿಗೆ ಭಾಷ್ಯ ಬರೆದ ಈ ವಿದ್ವಾಂಸರು ತೀರಿಕೊಂಡದ್ದು 1431ರಲ್ಲಿ, ಅಂದರೆ ಪೋರ್ಚುಗೀಸರ ಹಡಗು ಈ ಕಡಲಿಗೆ ಬರುವುದಕ್ಕೂ ಎಷ್ಟೋ ಮೊದಲು. ಡಿಸೆಂಬರಿನ ಜಾತ್ರೆಯಲ್ಲಿ ಮೊದಲ ಗೌರವ ಸಲ್ಲಿಸುವವರು ಮುಂಬಯಿ ಪೊಲೀಸರು.

ಕೋಟೆಯ ಭಾಗಕ್ಕೆ ಒಂದು ದಿನ ಸಾಲದು. 1796ರ ಅರ್ಮೇನಿಯನ್ ಇಗರ್ಜಿ, 1884ರ ಯಹೂದಿ ಮಂದಿರ, ಮಝಗಾಂವಿನ ಪುಟ್ಟ ಚೀನೀ ಗುಡಿ: ಇವನ್ನೆಲ್ಲ ಒಂದೇ ಉಸಿರಿನಲ್ಲಿ ನೋಡಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಂದನ್ನೋ ಎರಡನ್ನೋ ಆರಿಸಿಕೊಂಡು ಸಾವಕಾಶವಾಗಿ ನೋಡುವುದು ಜಾಣತನ. ಆಸ್ಪತ್ರೆಯ ಜೊತೆಗಾರರಿಗಾದರೆ ಪರೇಲಿನ ಬಾರಾದೇವಿಯೇ ಸಮೀಪ. 1931ರಲ್ಲಿ ರಸ್ತೆ ಅಗೆಯುವಾಗ ದೊರೆತ, ಒಂದರೊಳಗಿಂದೊಂದು ಉದ್ಭವಿಸುವ ಶಿವನ ಮೂರ್ತಿಗಳುಳ್ಳ ಭವ್ಯ ಶಿಲೆ ಅಲ್ಲಿನ ಗುಡಿಯಲ್ಲಿದೆ. ಅರ್ಚಕರನ್ನು ವಿಚಾರಿಸಿಕೊಂಡು ಹೋಗಬೇಕು.

ಕೊನೆಯದಾಗಿ ಘಾರಾಪುರಿ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಸೋಮವಾರ ಗುಹೆಗಳಿಗೆ ರಜೆ. ಇಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ಚುಗೀಸರು ಎಲಿಫೆಂಟಾ ಎಂದು ಹೆಸರಿಟ್ಟರು. ಆ ಆನೆ ಈಗ ಭಾಯಖಳಾದ ಜೀಜಾಮಾತಾ ಉದ್ಯಾನದಲ್ಲಿ, ಡಾಕ್ಟರ್ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಬಳಿ ನಿಂತಿದೆ. ವೈದ್ಯರೂ ಪ್ರಾಚೀನ ಶಾಸನಗಳ ಪಂಡಿತರೂ ಆಗಿದ್ದ ಆ ಭಾವು ದಾಜಿಯವರ ಹೆಸರೇ ಮೈಸೂರು ಅಸೋಸಿಯೇಷನ್ನಿನ ರಸ್ತೆಗೂ ಇರುವುದು.

ಗುಹೆಯ ಮಂದಬೆಳಕಿನಲ್ಲಿ ಇಪ್ಪತ್ತು ಅಡಿಯ ಸಮೀಪದ ಎತ್ತರದ ಮೂರು ಮುಖದ ಸದಾಶಿವ, ಕಣ್ಣು ಮುಚ್ಚಿ ನಿಂತ ಆ ಶಾಂತಿ, ಬಣ್ಣನೆಗೆ ನಿಲುಕುವಂಥದಲ್ಲ. ಆರನೆಯ ಶತಮಾನದ ಈ ಶಿಲ್ಪದ ಮುಂದೆ ಕನ್ನಡಿಗ ಪ್ರವಾಸಿ ಇನ್ನೊಂದು ಸಂಗತಿಯನ್ನೂ ನೆನೆಯಬಹುದು. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನ ಸಾರುತ್ತದೆ. ಆ ಪುರಿಯೇ ಘಾರಾಪುರಿಯೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹೋಟೆಲಿನ ಹುಡುಗನಿಗೂ ಬ್ಯಾಂಕಿನ ಗುಮಾಸ್ತನಿಗೂ ಎಷ್ಟೋ ಮೊದಲೇ ಕನ್ನಡನಾಡಿನ ಜನ ಈ ನೀರಿಗೆ ಬಂದಿದ್ದರೆಂಬುದು ಇದರಿಂದ ತಿಳಿಯುತ್ತದೆ; ಬಂದ ಉದ್ದೇಶ ಮಾತ್ರ ಬೇರೆ.

ವಯಸ್ಸಾದವರನ್ನು ಕರೆದೊಯ್ಯುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ದೋಣಿಕಟ್ಟೆಯಿಂದ ಗುಹೆಗೆ ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ. ಬುಡದವರೆಗೆ ಪುಟ್ಟ ರೈಲು ಸಿಗುತ್ತದೆ. ಹೃದಯದ ತೊಂದರೆ, ಉಬ್ಬಸ, ಮಂಡಿನೋವು ಇದ್ದವರು ಮುಂದೆ ಹತ್ತುವ ಮೊದಲು ತಮ್ಮ ವೈದ್ಯರ ಮಾತು ಕೇಳಿರಬೇಕು. ಸಕ್ಕರೆ ಕಾಯಿಲೆಯವರು ಊಟ ಮತ್ತು ಗುಳಿಗೆಯ ವೇಳೆ ತಪ್ಪಿಸಬಾರದು, ಬುತ್ತಿ ಜೊತೆಯಲ್ಲಿರಲಿ. ಕುದಿಸಿ ಆರಿಸಿದ ನೀರು ಮನೆಯಿಂದಲೇ ಹೋಗಲಿ. ಮುಂಬಯಿಯ ಬೆವರು ಊರಿನ ಬೆವರಿನಂಥದಲ್ಲ, ಬಾಯಾರಿಕೆಯಾಗುವವರೆಗೆ ಕಾಯದೆ ನೀರು ಕುಡಿಯಬೇಕು. ಕೋತಿಗಳ ಕೈಗೆ ಬುತ್ತಿಯ ಚೀಲ ಸಿಗದಂತೆ ನೋಡಿಕೊಳ್ಳಬೇಕು. 2024ರ ಡಿಸೆಂಬರ್ 18ರಂದು ಘಾರಾಪುರಿಗೆ ಹೊರಟ ದೋಣಿಗೆ ನೌಕಾದಳದ ವೇಗದೋಣಿ ಡಿಕ್ಕಿ ಹೊಡೆದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆದ್ದರಿಂದ ಜೀವರಕ್ಷಕ ಜಾಕೀಟು ತೊಡಲು ಸಂಕೋಚ ಬೇಡ; ಸೀರೆಯ ಮೇಲೂ, ಪಂಚೆಯ ಮೇಲೂ ಅದನ್ನು ಬಿಗಿಯಾಗಿ ಕಟ್ಟಿಕೊಳ್ಳಬಹುದು. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಹಿತಕರ. ಬೆಳಗಿನ ಮೊದಲ ದೋಣಿಗಳಲ್ಲಿ ಹೊರಟರೆ ಬಿಸಿಲು ಏರುವ ಮುನ್ನ ಗುಹೆಯ ನೆರಳು ಸೇರಿ, ಸಂಜೆಯ ಲೋಕಲ್ಲಿನ ನೂಕುನುಗ್ಗಲಿಗೆ ಮೊದಲೇ ಮಾಟುಂಗದ ಸ್ಟೇಷನ್ನಿನಲ್ಲಿ ಇಳಿಯಬಹುದು. 2017ರಲ್ಲಿ ಪೂರ್ಣ ಮಹಿಳಾ ಸಿಬ್ಬಂದಿಯ ಕೈಗೆ ಬಂದ ಸ್ಟೇಷನ್ ಅದು. ಊರಿನಿಂದ ಬಂದ ಅಜ್ಜಿಗೆ ಅದನ್ನೂ ತೋರಿಸಿಯೇ ಮನೆಗೆ ಕರೆತರಬೇಕು.