ಹರವು ವಿಕ್ಟೋರಿಯಾದ್ದು, ನೀರು ಟ್ಯಾಂಗನಿಕಾದ್ದು

ಆಫ್ರಿಕಾದ ಅತಿ ದೊಡ್ಡ ಸರೋವರ ಯಾವುದೆಂದು ಕೇಳಿದರೆ ಸಾಮಾನ್ಯಜ್ಞಾನದ ಪುಸ್ತಕಗಳೆಲ್ಲ ವಿಕ್ಟೋರಿಯಾ ಎನ್ನುತ್ತವೆ. ವಿಸ್ತೀರ್ಣದ ಲೆಕ್ಕದಲ್ಲಿ ಆ ಉತ್ತರ ಸರಿಯೇ. ಉಗಾಂಡ, ಕೀನ್ಯಾ, ತಾಂಜಾನಿಯಾಗಳ ನಡುವೆ ಅದು ಸುಮಾರು 68,800 ಚದರ ಕಿ.ಮೀ. ಹರಡಿಕೊಂಡಿದೆ. ಟ್ಯಾಂಗನಿಕಾ ಸರೋವರದ ಹರವು ಅದರ ಅರ್ಧಕ್ಕೂ ಕಡಿಮೆ, 32,900, ಮಲಾವಿ ಸರೋವರದ್ದು 29,600. ಆದರೆ ಸರೋವರವೆಂದರೆ ನೀರು ತಾನೇ? ನೀರನ್ನೇ ಅಳೆಯಹೊರಟರೆ ಈ ಪಟ್ಟಿ ತಲೆಕೆಳಗಾಗುತ್ತದೆ. ಟ್ಯಾಂಗನಿಕಾದಲ್ಲಿರುವುದು ಸುಮಾರು 18,900 ಘನ ಕಿ.ಮೀ. ನೀರು, ಮಲಾವಿಯಲ್ಲಿ 8,000ದ ಆಸುಪಾಸು, ವಿಕ್ಟೋರಿಯಾದಲ್ಲಿ ಬರೀ 2,750. ಕಾವೇರಿಯ ಸುದ್ದಿ ಓದುವವರಿಗೆ ಟಿಎಂಸಿ ಲೆಕ್ಕ ಹೊಸದಲ್ಲ. 49.45 ಟಿಎಂಸಿ ಹಿಡಿಯುವ ಕೆಆರ್‌ಎಸ್ ಭರ್ತಿಯಾದರೆ 1.4 ಘನ ಕಿ.ಮೀ. ನೀರು. ಹಾಗೆ ನೋಡಿದರೆ ವಿಕ್ಟೋರಿಯಾ ಹೆಚ್ಚುಕಡಿಮೆ ಎರಡು ಸಾವಿರ ಕೆಆರ್‌ಎಸ್‌ಗೆ ಸಮ, ಟ್ಯಾಂಗನಿಕಾ ಹದಿಮೂರೂವರೆ ಸಾವಿರಕ್ಕೆ. ಹರವಿನಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಿಗೆಲ್ಲ ಹಿರಿಯಣ್ಣನಾದ ಉತ್ತರ ಅಮೆರಿಕದ ಸುಪೀರಿಯರ್‌ನಲ್ಲೂ ಇರುವುದು 12,100 ಘನ ಕಿ.ಮೀ. ಮಾತ್ರ. ಸಿಹಿನೀರಿನಲ್ಲಿ ಟ್ಯಾಂಗನಿಕಾವನ್ನು ಮೀರಿಸುವುದು ಸೈಬೀರಿಯಾದ ಬೈಕಲ್ ಒಂದೇ.

ಈ ಅಂತರಕ್ಕೆಲ್ಲ ಆಳವೇ ಕಾರಣ. ಪೂರ್ವ ಆಫ್ರಿಕಾದ ನೆಲ ಸೀಳುತ್ತಿರುವ ಜಾಗದಲ್ಲಿ ಕುಸಿದ ಉದ್ದನೆಯ ಕಮರಿಗಳಲ್ಲಿ ಟ್ಯಾಂಗನಿಕಾ ಮತ್ತು ಮಲಾವಿ ನಿಂತಿವೆ. ಟ್ಯಾಂಗನಿಕಾದ ಗರಿಷ್ಠ ಆಳ 1,470 ಮೀಟರ್. ಅದರ ತಳ ಸಮುದ್ರಮಟ್ಟಕ್ಕಿಂತ ಆರುನೂರು ಮೀಟರಿಗೂ ಕೆಳಗಿದೆ. ವಿಕ್ಟೋರಿಯಾ ಕಮರಿಯಲ್ಲಿಲ್ಲ, ಎರಡು ಕಮರಿಗಳ ನಡುವಿನ ತಗ್ಗಿನಲ್ಲಿದೆ. ಸರಾಸರಿ ಆಳ ನಲವತ್ತು ಮೀಟರ್, ಅಷ್ಟೇ. ಉಪಗ್ರಹದ ಚಿತ್ರದಲ್ಲಿ ಕಾಣುವುದು ಹರವು ಮಾತ್ರ. ಆಳ ತಿಳಿಯಬೇಕಾದರೆ ದೋಣಿ ಹತ್ತಿ ಹಗ್ಗವನ್ನೋ ಶಬ್ದದ ಅಲೆಯನ್ನೋ ಕೆಳಗೆ ಬಿಡಲೇಬೇಕು. ನಕ್ಷೆ ನೋಡಿ ಬೆಳೆದ ನಮಗೆ ವಿಕ್ಟೋರಿಯಾ ಮೊದಲು ನೆನಪಾಗುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುತ್ತದೆ: ಜನ ಬದುಕುವುದು ದಡದಲ್ಲಿ, ಮೀನು ಹಿಡಿಯುವುದು ಮೇಲ್ನೀರಿನಲ್ಲಿ, ತಳದ ಲೆಕ್ಕ ಕಟ್ಟಿಕೊಂಡು ಆಗಬೇಕಾದ್ದೇನು? ವಿಕ್ಟೋರಿಯಾವನ್ನು ನೆಚ್ಚಿಕೊಂಡವರ ಸಂಖ್ಯೆ ಕೋಟಿಗಳಲ್ಲಿದೆ ಎನ್ನುವುದು ನಿಜ. ಆದರೆ ಆ ಕೋಟಿ ಜನರ ಆಸರೆ ಎಷ್ಟು ಗಟ್ಟಿ ಎಂದು ತಿಳಿಸುವುದೇ ಈ ತಳದ ಲೆಕ್ಕ. ವಿಕ್ಟೋರಿಯಾಕ್ಕೆ ಬರುವ ನೀರಿನಲ್ಲಿ ಬಹುಪಾಲು ನೇರವಾಗಿ ಸುರಿಯುವ ಮಳೆ, ಹೋಗುವುದರಲ್ಲಿ ಬಹುಪಾಲು ಆವಿ. ಮಟ್ಟ ಒಂದು ಮೀಟರ್ ಏರಿದರೆ ಸುಮಾರು 69 ಘನ ಕಿ.ಮೀ. ಸೇರಿತೆಂದು ಅರ್ಥ, ಅದು ಇಡೀ ಸರೋವರದ ನೂರಕ್ಕೆ ಎರಡೂವರೆ ಪಾಲು. 2019ರ ಕೊನೆಯ ಭಾರಿ ಮಳೆಯಿಂದ 2020ರ ಮೇ ಹೊತ್ತಿಗೆ ಮಟ್ಟ ಒಂದು ಮೀಟರಿಗೂ ಹೆಚ್ಚು ಏರಿ ದಡದ ಊರುಗಳು ಮುಳುಗಿದ್ದವು. ಟ್ಯಾಂಗನಿಕಾದಲ್ಲಿ ಅಷ್ಟೇ ಏರಿಳಿತವಾದರೆ ಒಟ್ಟು ನೀರಿನಲ್ಲಿ ಸಾವಿರಕ್ಕೆ ಎರಡು ಪಾಲೂ ವ್ಯತ್ಯಾಸವಾಗದು. ಕಾಲವನ್ನು ಹಿಗ್ಗಿಸಿ ನೋಡಿದರೆ ಇದು ಇನ್ನೂ ಸ್ಪಷ್ಟ. ಹದಿನೈದು ಸಾವಿರ ವರ್ಷಗಳಿಗೂ ಹಿಂದೆ, ಹಿಮಯುಗದ ಒಣ ಹವೆಯಲ್ಲಿ ವಿಕ್ಟೋರಿಯಾ ಬತ್ತಿಹೋಗಿತ್ತೆಂದು ತಳದ ಹೂಳಿನ ಅಧ್ಯಯನಗಳು ಹೇಳುತ್ತವೆ. ಟ್ಯಾಂಗನಿಕಾದ ಮಟ್ಟವೂ ಹಿಂದೆ ನೂರಾರು ಮೀಟರ್ ಕುಸಿದದ್ದುಂಟು, ಆದರೂ ಸರೋವರ ಸರೋವರವಾಗಿಯೇ ಉಳಿಯಿತು. ಬೇರೆಲ್ಲೂ ಕಾಣಸಿಗದ ನೂರಾರು ಜಾತಿಯ ಸಿಕ್ಲಿಡ್ ಮೀನುಗಳು ಅಲ್ಲಿ ಲಕ್ಷಾಂತರ ವರ್ಷ ಬಾಳಿ ಕವಲೊಡೆಯಲು ಸಾಧ್ಯವಾದದ್ದು ಹೀಗೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಟ್ಯಾಂಗನಿಕಾದ ನೀರಿನಲ್ಲಿ ದೊಡ್ಡ ಪಾಲು ಸತ್ತ ನೀರು. ನೂರಿನ್ನೂರು ಮೀಟರ್ ಕೆಳಗೆ ಆಮ್ಲಜನಕವಿಲ್ಲ, ಮೀನಿಲ್ಲ. ಮೇಲಿನ ಬೆಚ್ಚನೆಯ ನೀರು ಹಗುರ, ಕೆಳಗಿನ ತಣ್ಣನೆಯ ನೀರು ಭಾರ. ಎರಡೂ ಪೂರ್ತಿ ಬೆರೆಯುವುದೇ ಇಲ್ಲ. ಹಾಗಿದ್ದರೆ 18,900 ಎಂಬ ಅಂಕಿ ಹುಸಿ ಬಡಾಯಿಯಲ್ಲವೇ? ಅಲ್ಲ ಎನ್ನಲು ಅಲ್ಲಿನ ಬೆಸ್ತರ ಬಲೆಯೇ ಸಾಕ್ಷಿ. ಚಂದ್ರನಿಲ್ಲದ ರಾತ್ರಿ ದೋಣಿಗಳು ದೀಪ ಹೊತ್ತು ಹೊರಡುತ್ತವೆ. ಬೆಳಕಿಗೆ ಬಲು ಸಣ್ಣ ಜೀವಿಗಳು ಮೇಲೆ ಬರುತ್ತವೆ, ಅವನ್ನು ತಿನ್ನಲು ಬೆರಳುದ್ದದ ಮೀನುಗಳು ಮುತ್ತುತ್ತವೆ, ಆಗ ಕೆಳಗಿಳಿಸಿದ್ದ ಬಲೆಯನ್ನು ಎತ್ತುತ್ತಾರೆ. ಬೆಳಗಾದರೆ ದಡದ ಮರಳ ಮೇಲೆ ಆ ಮೀನು ಒಣಗುತ್ತಿರುತ್ತದೆ. ತಾಂಜಾನಿಯಾದಲ್ಲಿ ಅದನ್ನು ಡಗಾ ಎನ್ನುತ್ತಾರೆ, ಜಾಂಬಿಯಾದಲ್ಲಿ ಕಪೆಂಟಾ. ಈ ಮೀನಿನ ಮೇವಿಗೆ ಬೇಕಾದ ಪೋಷಕಾಂಶ ಬರುವುದು ಆ ಸತ್ತ ನೀರಿನಿಂದಲೇ. ಮೇಯಿಂದ ಸೆಪ್ಟೆಂಬರ್‌ವರೆಗೆ ಬೀಸುವ ತೆಂಕಣ ಗಾಳಿ ಮೇಲ್ನೀರನ್ನು ಬಡಗಲಿಗೆ ತಳ್ಳಿದಾಗ ದಕ್ಷಿಣದ ತುದಿಯಲ್ಲಿ ಆಳದ ನೀರು ಮೇಲೇಳುತ್ತದೆ. ಮೇಲ್ನೀರು ಬಿಸಿಯಾದಷ್ಟೂ ಈ ಕಲಕಾಟ ಕುಗ್ಗುತ್ತದೆ. ಸರೋವರದ ಜೈವಿಕ ಉತ್ಪಾದನೆ ಸುಮಾರು ಶೇ. 20ರಷ್ಟು ಇಳಿದಿರಬಹುದೆಂದು 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಂದಾಜಿಸಿತು. ಮೀನು ಕಡಿಮೆಯಾಗಿರುವುದಕ್ಕೆ ಅತಿಯಾದ ಮೀನುಗಾರಿಕೆಯೂ ಕಾರಣ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಆಳದ ನೀರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆಂಬುದಕ್ಕೆ ಟ್ಯಾಂಗನಿಕಾದ ಉತ್ತರಕ್ಕಿರುವ ಕಿವು ಸರೋವರವನ್ನು ನೋಡಿದರೆ ಸಾಕು. ಹರವಿನಲ್ಲಿ ಅದು ವಿಕ್ಟೋರಿಯಾದ ಇಪ್ಪತ್ತೈದನೆಯ ಒಂದು ಪಾಲು. ಆದರೆ ಅದರ ತಳದ ನೀರಿನಲ್ಲಿ ಸುಮಾರು 300 ಘನ ಕಿ.ಮೀ. ಇಂಗಾಲದ ಡೈಆಕ್ಸೈಡ್, 60 ಘನ ಕಿ.ಮೀ. ಮೀಥೇನ್ ಕರಗಿಕೊಂಡಿದೆ. ಒಮ್ಮೆಲೇ ಹೊರನುಗ್ಗಿದರೆ ದಡದ ಲಕ್ಷಾಂತರ ಜನಕ್ಕೆ ಅಪಾಯ. ಹದವಾಗಿ ತೆಗೆದರೆ ಇಂಧನ. ರುವಾಂಡದಲ್ಲಿ ಈ ಮೀಥೇನ್‌ನಿಂದ ವಿದ್ಯುತ್ ತಯಾರಾಗುತ್ತಿದೆ.

ನಮ್ಮ ಪತ್ರಿಕೆಗಳು ಜಲಾಶಯದ ಮಟ್ಟದ ಜೊತೆಗೆ ಟಿಎಂಸಿಯನ್ನೂ ಮುದ್ರಿಸುತ್ತವೆ. ಅಡಿಯ ಲೆಕ್ಕವೊಂದೇ ಸಾಲದೆಂದು ರೈತರಿಗೂ ಗೊತ್ತು. ಭೂಗೋಳದ ಪಠ್ಯಗಳ ಸರೋವರಪಟ್ಟಿಯಲ್ಲಿ ಮಾತ್ರ ಇನ್ನೂ ವಿಸ್ತೀರ್ಣದ ಕಾಲಂ ಒಂದೇ ಇರುತ್ತದೆ. ಮುಂದಿನ ಪರಿಷ್ಕರಣೆಯಲ್ಲಾದರೂ ಅದರ ಪಕ್ಕದಲ್ಲಿ ಆಳ ಮತ್ತು ನೀರಿನ ಪ್ರಮಾಣದ ಎರಡು ಕಾಲಂ ಸೇರಿಸಲಿ.